ಎಕ್ಸಲೇಟರ್ ಬಿಗಿಯಾಗಿದೆ ಅನ್ನುತ್ತಿದ್ದವರು

ಅವರು ತೀರಿಕೊಂಡ ದಿನ ಫ್ಯಾಕ್ಟರಿಯಿಂದ ಫೋನ್ ಮಾಡಿದವಳು, "ಅಕ್ಕಾ, ನಮ್ಮ ಹಳೇ ಗಾಡಿ ಅಣ್ಣ ಹೋಗ್ಬಿಟ್ರಂತೆ" ಎಂದಳು. ಹೆಸರು ಹೇಳಲಿಲ್ಲ. ಅವಳಿಗೆ ಹೆಸರು ಗೊತ್ತಿತ್ತೋ ಇಲ್ಲವೋ. ಬಾಶೆಟ್ಟಿಹಳ್ಳಿಯ ನಮ್ಮ ಬಟ್ಟೆ ಫ್ಯಾಕ್ಟರಿಯಲ್ಲಿ ಅವರಿಗೆ ಇನ್ನೊಂದು ಹೆಸರು ಬೇಕಾಗಿರಲಿಲ್ಲ. ಮಗ್ಗ ನಿಂತುಹೋದರೆ "ಹಳೇ ಗಾಡಿ ಅಣ್ಣನ್ನ ಕರೀರಿ" ಎಂದರೆ ಸಾಕು, ಹೆಗಲ ಮೇಲೆ ಎಣ್ಣೆಬಟ್ಟೆ ಹಾಕಿಕೊಂಡು ಮದುವೆಮನೆಗೆ ಬರುವವರ ಠೀವಿಯಲ್ಲಿ ಬಂದುಬಿಡುತ್ತಿದ್ದರು. ನಾನು ಬರೀ ಅಣ್ಣ ಎನ್ನುತ್ತಿದ್ದೆ. ಇಲ್ಲೂ ಅಷ್ಟೇ ಸಾಕು.

ನನಗೆ ಈ ಸಾವಿನ ಮೇಲೆ ಸಿಟ್ಟಿದೆ. ಸಾವು ಎಲ್ಲರ ಮನೆಗೂ ಬರುತ್ತದೆ, ಒಪ್ಪಿದೆ. ಬರುವುದಾದರೆ ಮುಖ ತೋರಿಸಿಕೊಂಡು ಬರಬೇಕು. ಇವರ ವಿಷಯದಲ್ಲಿ ಅದು ಒಂದು ಮೋಟಾರ್ ಸೈಕಲ್ಲಿನ ರಿಪೇರಿಯ ನೆಪದಲ್ಲಿ ಒಳಗೆ ಬಂತು. ನಾವೆಲ್ಲ ಗಾಡಿಯನ್ನೇ ನೋಡುತ್ತಾ ನಿಂತಿದ್ದೆವು.

ನಮ್ಮಿಬ್ಬರ ಮನೆಯೂ ದೊಡ್ಡಬಳ್ಳಾಪುರದ ಒಂದೇ ಬೀದಿಯಲ್ಲಿ. ಅವರು ಫ್ಯಾಕ್ಟರಿಯ ಮಗ್ಗಗಳನ್ನು ರಿಪೇರಿ ಮಾಡುವ ಫಿಟ್ಟರ್, ನಾನು ನೇಯ್ದ ಬಟ್ಟೆಯಲ್ಲಿ ತಪ್ಪು ಹುಡುಕುವವಳು. ತಪ್ಪು ಹುಡುಕಿ ಹುಡುಕಿ ನನ್ನ ಬಾಯಿ ಹೀಗಾಗಿದೆ ಎಂದು ಅವರು ಎಲ್ಲರ ಹತ್ತಿರವೂ ಹೇಳುತ್ತಿದ್ದರು. ಕಂಪನಿ ಬಸ್ಸು ನಮ್ಮ ಕಡೆ ಬರುವುದನ್ನು ನಿಲ್ಲಿಸಿದಾಗ ಅವರ ಹೆಂಡತಿಯೇ ನಮ್ಮನೆಗೆ ಬಂದು, "ಆಟೋಗೆ ಯಾಕಮ್ಮ ದುಡ್ಡು ಸುರೀತೀಯಾ, ನಮ್ಮನೆಯವ್ರ ಹಿಂದೆ ಕೂತ್ಕೊಂಡು ಹೋಗು. ಆ ಗಾಡಿ ಸದ್ದಿಗೆ ದಿನಾ ಬೀದಿನೇ ಎಚ್ಚರ ಆಗುತ್ತೆ, ಒಬ್ರಿಗಾದ್ರೂ ಉಪಯೋಗ ಆಗ್ಲಿ" ಎಂದಿದ್ದರು. ಅವತ್ತಿನಿಂದ ಅವರು ನನಗೆ ಅತ್ತಿಗೆ, ಇವರು ಅಣ್ಣ. ದಿನಾ ಬೆಳಿಗ್ಗೆ ನಾನು ಆ ಗಾಡಿಯ ಹಿಂದಿನ ಸೀಟಿನವಳು.

ಗಾಡಿ ಅವರ ತಂದೆಯದು. ತಂದೆ ಮನೆಯಲ್ಲೇ ಮಗ್ಗ ಹಾಕಿಕೊಂಡು ಸೀರೆ ನೇಯಿಸುತ್ತಿದ್ದವರು, ನೂಲು ತರಲು ಇದರಲ್ಲೇ ಬೆಂಗಳೂರಿಗೆ ಹೋಗಿಬರುತ್ತಿದ್ದರಂತೆ. ಕಾಲಕ್ರಮದಲ್ಲಿ ಮಗ್ಗಗಳು ಗುಜರಿಗೆ ಹೋದವು, ಗಾಡಿ ಉಳಿಯಿತು. ಅಣ್ಣನಿಗಿಂತ ಗಾಡಿಗೆ ವಯಸ್ಸು ಹೆಚ್ಚು. ಫ್ಯಾಕ್ಟರಿಯ ಸ್ಟ್ಯಾಂಡಿನಲ್ಲಿ ಹುಡುಗರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಣ್ಣ ಬೇಡ ಎನ್ನುತ್ತಿರಲಿಲ್ಲ, ಆದರೆ ಹ್ಯಾಂಡಲ್ ಮುಟ್ಟಿದರೆ ಮುಖ ಗಂಟಿಕ್ಕುತ್ತಿದ್ದರು. ಸ್ಕೂಟರುಗಳೆಂದರೆ ಅವರಿಗೆ ಹೊಲಿಗೆ ಮಿಷನ್ನು. "ನಿಮ್ ಹೊಲಿಗೆ ಮಿಷನ್ ಆಕಡೆ ತೆಗೀರಪ್ಪಾ" ಎಂದು ಜಾಗ ಮಾಡಿಸಿಕೊಂಡು ತಮ್ಮ ಗಾಡಿ ನಿಲ್ಲಿಸಿ, ಅದರ ಕನ್ನಡಿಯಲ್ಲೇ ಕ್ರಾಪು ಬಾಚಿಕೊಂಡು ಒಳಗೆ ಹೋಗುತ್ತಿದ್ದರು.

ಕೆಲಸದಲ್ಲಿ ಅವರದೊಂದು ಪದ್ಧತಿ ಇತ್ತು. ಯಾವ ಮಗ್ಗ ಕೆಟ್ಟಿದೆಯೋ ಅದನ್ನು ಮೊದಲು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ, ಚೆನ್ನಾಗಿ ಓಡುತ್ತಿರುವ ಮಗ್ಗದ ಹತ್ತಿರ ಹೋಗಿ ಅದೇ ಜಾಗದಲ್ಲಿ ಅಂಗೈ ಇಟ್ಟು ಕಣ್ಣುಮುಚ್ಚಿ ನಿಲ್ಲುವರು. "ಇದ್ರ ಜೋಡಿ ಏನ್ ಹೇಳುತ್ತೆ ಕೇಳೋಣ" ಎನ್ನುವರು. ಆಮೇಲೆ ಕೆಟ್ಟಿದ್ದಕ್ಕೆ ಕೈಯಿಡುವರು. ಎರಡರ ನಡುವಿನ ವ್ಯತ್ಯಾಸ ಕೈಗೆ ಸಿಕ್ಕಿದ ಮೇಲೇ ಸ್ಪ್ಯಾನರ್ ಎತ್ತುತ್ತಿದ್ದರು. ಸೂಪರ್‌ವೈಸರು ಗಡಿಬಿಡಿ ಮಾಡಿದರೆ ನಗುತ್ತಾ, "ತಡೀರಿ ಸಾರ್, ನಾನೇನು ಇದಕ್ಕೆ ಇಂಜೆಕ್ಷನ್ ಕೊಡ್ಲಾ" ಎಂದು ಇನ್ನಷ್ಟು ನಿಧಾನ ಮಾಡುತ್ತಿದ್ದರು. ಸೂಪರ್‌ವೈಸರಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಿಗಿ ಎನ್ನುವುದನ್ನು ಅವರು ಸಹಿಸುತ್ತಿರಲಿಲ್ಲ. ಬಾಗಿಲು ಬಿಗಿಯಾಗಿದ್ದರೆ, ನಲ್ಲಿ ಬಿಗಿಯಾಗಿದ್ದರೆ, ನಮ್ಮನೆಯ ಗೇಟಿನ ಚಿಲಕ ಬಿಗಿಯಾಗಿದ್ದರೆ, ಯಾರೂ ಕರೆಯದಿದ್ದರೂ ಎಣ್ಣೆ ತಂದು ಬಿಡುತ್ತಿದ್ದರು. ಯಾವ ಯಂತ್ರವೂ ಸುಮ್ಮಸುಮ್ಮನೆ ಬಿಗಿಯಾಗುವುದಿಲ್ಲ, ನೋಡಿಕೊಳ್ಳುವವರು ಸರಿಯಿಲ್ಲದಿದ್ದರೆ ಮಾತ್ರ ಆಗುತ್ತದೆ ಎಂಬುದು ಅವರ ಮಾತು. ಹಾಗಾಗಿ ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಹಿಂದೆ ತಿರುಗಿ, "ಎಕ್ಸಲೇಟರ್ ಬಿಗಿಯಾಗ್ತಾ ಇದೆ ಕಣಮ್ಮ" ಎಂದದ್ದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ಭಾನುವಾರ ಎಣ್ಣೆ ಬಿಡುತ್ತಾರೆ, ಮುಗಿಯಿತು ಅಂದುಕೊಂಡೆ.

ಭಾನುವಾರ ಎಣ್ಣೆ ಬಿಟ್ಟರು ಕೂಡ. ಎಕ್ಸಲೇಟರಿನ ಕೇಬಲ್ ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಹಾಳೆಯ ಆಲಿಕೆ ಕಟ್ಟಿ ತೊಟ್ಟುತೊಟ್ಟಾಗಿ ಎಣ್ಣೆ ಇಳಿಸಿದರು. ನನಗೆ ಬಿಡಿಸಿ ಹೇಳಿದ್ದೂ ಅವತ್ತೇ. ಬಲಗೈಯ ಹಿಡಿಯನ್ನು ತಿರುಗಿಸಿದರೆ ಈ ಕೇಬಲ್ಲು ಕಾರ್ಬೊರೇಟರಿನ ಒಳಗಿರುವ ಒಂದು ಸಣ್ಣ ಕದವನ್ನು ಮೇಲೆ ಎಳೆಯುತ್ತದೆ, ಗಾಡಿ ಓಡುತ್ತದೆ. ಕೈ ಸಡಿಲ ಬಿಟ್ಟರೆ ಒಂದು ಸ್ಪ್ರಿಂಗ್ ಆ ಕದವನ್ನು ಕೆಳಗೆ ದೂಡುತ್ತದೆ, ಗಾಡಿ ನಿಧಾನ ಆಗುತ್ತದೆ. "ಕೈಗೂ ಸ್ಪ್ರಿಂಗಿಗೂ ದಿನಾ ಜಗಳ. ಮಧ್ಯದಲ್ಲಿ ಕೇಬಲ್ ಒಣಗಿದ್ರೆ ಅದೂ ಸ್ಪ್ರಿಂಗ್ ಕಡೆನೇ ಸೇರ್ಕೊಳ್ಳುತ್ತೆ" ಎಂದರು. ಸೋಮವಾರ ಗಾಡಿ ಹತ್ತಿದಾಗ, "ನೋಡು, ಹೂವಾಗಿದೆ" ಎಂದು ಖುಷಿಪಟ್ಟರು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಮತ್ತೆ ಬಿಗಿ. ಹೊಸ ಕೇಬಲ್ ತಂದು ಹಾಕಿದರು, ಅದು ಎಲ್ಲೂ ಮಡಚಿಕೊಳ್ಳದ ಹಾಗೆ ಟ್ಯಾಂಕಿನ ಕೆಳಗೆ ದಾರಿ ಬದಲಿಸಿದರು. ಮತ್ತೆ ಬಿಗಿ. ಹಿಡಿಯನ್ನೇ ಕಳಚಿ, ಒಳಗಿನ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಬಳಿದರು. ಮತ್ತೆ ಬಿಗಿ. ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ಕಿನ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವನು ಹಿಡಿಯನ್ನು ಎರಡು ಬೆರಳಲ್ಲಿ ತಿರುಗಿಸಿ, "ಅಣ್ಣಾ, ಹೊಸಾ ಗಾಡಿನೂ ಇಷ್ಟು ಫ್ರೀ ಇರಲ್ಲ. ಏನ್ ಬಿಗಿ ಅಂತೀರಾ" ಎಂದ. ಅಣ್ಣ ಸಿಟ್ಟಾಗಿ, "ನಿನಗೆ ಗೊತ್ತಾಗಲ್ಲ ಬಿಡು, ದಿನಾ ಓಡಿಸೋ ಕೈಗೆ ಗೊತ್ತಾಗುತ್ತೆ" ಎಂದು ಗಾಡಿ ತಿರುಗಿಸಿಕೊಂಡು ಬಂದರು. ಸ್ಟ್ಯಾಂಡಿನಲ್ಲಿ ಹ್ಯಾಂಡಲ್ ಮುಟ್ಟಲು ಬಿಡದಿದ್ದವರು ಈಗ ಹೋಗಿಬರುವವರನ್ನೆಲ್ಲ ನಿಲ್ಲಿಸಿ, "ಸ್ವಲ್ಪ ತಿರುಗ್ಸಿ ನೋಡು ಗುರು" ಎನ್ನತೊಡಗಿದರು. ತಿರುಗಿಸಿದವರೆಲ್ಲ ಹಗುರವಾಗಿದೆ ಎಂದರು. ಅಣ್ಣ ಒಬ್ಬೊಬ್ಬರ ಮುಖವನ್ನೂ ಅನುಮಾನದಿಂದ ನೋಡುತ್ತಿದ್ದರು. ಊರೆಲ್ಲ ಸೇರಿ ತಮಗೆ ಸುಳ್ಳು ಹೇಳುತ್ತಿದೆ ಎಂಬ ಭಾವ ಆ ನೋಟದಲ್ಲಿತ್ತು. ಅದನ್ನು ನೋಡಿದಾಗಲೇ ನನಗೆ ಮೊದಲ ಸಲ ಹೆದರಿಕೆಯಾದದ್ದು.

ಹಿಂದೆ ಕೂತವಳಿಗೆ ಮುಂದಿನವರ ಕೈ ಚೆನ್ನಾಗಿ ಕಾಣುತ್ತದೆ. ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಂಗಿ ಅಲ್ಲೊಂದು ಗುಳಿ ಬಿದ್ದಿತ್ತು. ಗಾಡಿ ನಿಂತು, ಕೈ ಸುಮ್ಮನೆ ಇರುವಾಗ, ಆ ಗುಳಿಯ ಸುತ್ತ ಚರ್ಮದ ಕೆಳಗೆ ಏನೋ ಮಿಡುಕುತ್ತಿತ್ತು. ಇಂಜಿನ್ನಿನ ನಡುಕ ಇರಬೇಕು ಅಂದುಕೊಂಡೆ. ಇಂಜಿನ್ ಆಫ್ ಮಾಡಿದ ಮೇಲೂ ಅದು ನಿಲ್ಲಲಿಲ್ಲ. ಆಮೇಲಾಮೇಲೆ ಬೇರೆಯವೂ ಕಣ್ಣಿಗೆ ಬೀಳತೊಡಗಿದವು. ಊಟದ ಹೊತ್ತಿಗೆ ಡಬ್ಬಿಯನ್ನು ಪಕ್ಕದವರ ಕಡೆ ತಳ್ಳಿ, "ಇದೊಂದು ತೆಗೀ, ನಿಮ್ಮತ್ತಿಗೆ ಸಿಟ್ಟಲ್ಲಿ ಮುಚ್ಚವ್ಳೆ" ಎನ್ನುವರು. ಟೀ ಲೋಟವನ್ನು ಎಡಗೈಯಲ್ಲಿ ಹಿಡಿಯುವರು. ಅಂಗಿಯ ಮೇಲಿನ ಗುಂಡಿ ಹಾಕಿರುವುದಿಲ್ಲ. ಕ್ರಾಪು ಕೂಡ ಕೆದರಿಕೊಂಡೇ ಇರುತ್ತಿತ್ತು.

ಒಂದು ದಿನ ಕೇಳಿದೆ. "ಅಣ್ಣಾ, ಕ್ಲಚ್ ಬಿಗಿ ಇಲ್ವಾ?"

"ಇಲ್ವಲ್ಲಾ. ಕ್ಲಚ್ ಬೆಣ್ಣೆ."

ಈ ಹಳೇ ಗಾಡಿಗಳಲ್ಲಿ ಕ್ಲಚ್ಚೇ ಎಲ್ಲಕ್ಕಿಂತ ಬಿಗಿ ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಅದನ್ನು ಹಿಡಿಯುವುದು ಎಡಗೈ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಫ್ಯಾಕ್ಟರಿ ಗೇಟಿನಲ್ಲಿ ಇಳಿದು ಅಲ್ಲೇ ಹೇಳಿದೆ: "ಅಣ್ಣಾ, ಇದು ಗಾಡಿದಲ್ಲ, ನಿಮ್ ಕೈದು. ಡಾಕ್ಟ್ರಿಗೆ ತೋರ್ಸಿ."

ಅವರು ಬೈಯಲಿಲ್ಲ. ಚಿಕ್ಕವಳಿಗೆ ಪಾಠ ಹೇಳುವಂತೆ ಹೇಳಿದರು. "ಕೈ ಸೋತಿದೆ, ನಾನೇನು ಇಲ್ಲ ಅಂದ್ನಾ? ಯಾಕೆ ಸೋತಿದೆ ಹೇಳು. ಇಷ್ಟು ವರ್ಷ ಆ ಬಿಗಿ ಎಕ್ಸಲೇಟರ್ ಜೊತೆ ಗುದ್ದಾಡಿ ಸೋತಿದೆ. ಅದಕ್ಕೇ ತಾನೇ ಹಗುರ ಮಾಡ್ತಾ ಇರೋದು. ಗಾಡಿ ಸರಿಹೋಗ್ಲಿ, ಕೈ ತಾನಾಗೇ ಸರಿಹೋಗುತ್ತೆ."

ಅವರ ಲೆಕ್ಕಾಚಾರ ಇಷ್ಟೇ. ನಲವತ್ತು ವರ್ಷ ಯಂತ್ರಗಳ ನಡುವೆ ಬದುಕಿದ ಮನುಷ್ಯ. ಒಂದು ಭಾಗ ಬಿಗಿಯಾದರೆ ಅದಕ್ಕೆ ತಗುಲಿಕೊಂಡ ಇನ್ನೊಂದು ಭಾಗ ಸವೆಯುತ್ತದೆ ಎಂದು ದಿನಾ ಕಂಡವರು. ತಮ್ಮ ಕೈಯನ್ನೂ ಆ ಗಾಡಿಯ ಒಂದು ಬಿಡಿಭಾಗ ಎಂದೇ ತಿಳಿದಿದ್ದರು. ಅದು ಸವೆದದ್ದಕ್ಕೆ ಕಾರಣ ಹುಡುಕಲು ಗಾಡಿಯೊಳಗೇ ಇಳಿಯುತ್ತಿದ್ದರು.

ಕೊನೆಗೆ ಸ್ಪ್ರಿಂಗಿಗೆ ಕೈಹಾಕಿದರು. ಅದರಿಂದ ಎರಡು ಸುತ್ತು ಕತ್ತರಿಸಿ ತೆಗೆದು ಮತ್ತೆ ಕೂರಿಸಿದರು. ಆ ವಾರವೇ ನಡೆಯಿತು. ಇಂಡಸ್ಟ್ರಿಯಲ್ ಏರಿಯಾಕ್ಕೆ ತಿರುಗುವ ಕಡೆ ಬೆಳಿಗ್ಗೆ ರಾತ್ರಿ ಶಿಫ್ಟ್ ಬಿಡುವ ಹೊತ್ತು, ಮುಂದೆ ಒಂದು ಕಂಟೇನರ್ ಲಾರಿ ಅಡ್ಡಡ್ಡ ತಿರುಗುತ್ತಾ ನಿಂತಿತ್ತು. ಅಣ್ಣ ಕೈ ಸಡಿಲಿಸಿದರು. ಗಾಡಿ ನಿಧಾನ ಆಗಲಿಲ್ಲ. ಸಣ್ಣ ಕದ ಮೇಲೆಯೇ ಸಿಕ್ಕಿಕೊಂಡಿತ್ತು, ಅದನ್ನು ದೂಡಲು ಸ್ಪ್ರಿಂಗಿನಲ್ಲಿ ಕಸುವಿರಲಿಲ್ಲ. ಲಾರಿಯ ಹಿಂದಿನ ಚಕ್ರಗಳು ನನ್ನ ಕಣ್ಣೆದುರಿಗೆ ಬೆಳೆಯುತ್ತಾ ಬಂದವು. ಅಣ್ಣ ಕ್ಲಚ್ ಹಿಡಿದು, ಕಾಲಿನ ಬ್ರೇಕ್ ಒತ್ತಿ, ಗಾಡಿಯನ್ನು ರಸ್ತೆಯ ಪಕ್ಕದ ಜಲ್ಲಿಗೆ ಇಳಿಸಿದರು. ಗಾಡಿ ನಿಂತಿತು, ಇಂಜಿನ್ನು ಮಾತ್ರ ಕಿರುಚುತ್ತಲೇ ಇತ್ತು. ಗೇರ್ ನ್ಯೂಟ್ರಲ್ಲಿಗೆ ತಂದು, ಎಡಗೈ ಅಡ್ಡ ಚಾಚಿ ಬೀಗದ ಕೈ ತಿರುಗಿಸಿ ಆಫ್ ಮಾಡಿದರು.

ನಾನು ಇಳಿದು ದೂರ ನಿಂತೆ. ಅಣ್ಣ ಕುಕ್ಕರಗಾಲಲ್ಲಿ ಕೂತು ಕಾರ್ಬೊರೇಟರ್ ನೋಡುತ್ತಾ, "ಸ್ವಲ್ಪ ಜಾಸ್ತಿ ಕತ್ತರಿಸಿಬಿಟ್ಟೆ ಅನ್ಸುತ್ತೆ. ಬೇರೆ ಸ್ಪ್ರಿಂಗೇ ಹಾಕ್ಬೇಕು" ಎಂದರು. ಅವರ ಮುಖದಲ್ಲಿ ಭಯವೇ ಇರಲಿಲ್ಲ. ನಾನು ಅಲ್ಲಿಂದ ಫ್ಯಾಕ್ಟರಿಗೆ ನಡೆದುಕೊಂಡು ಹೋದೆ. ಮಾರನೆಯ ದಿನದಿಂದ ಆಟೋ ಹಿಡಿದೆ. ಅಣ್ಣನಿಗೆ ಬೇಜಾರಾಯಿತು. ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಕ್ಯಾಂಟೀನಿನಲ್ಲಿ, "ಹೊಲಿಗೆ ಮಿಷನ್ ಹತ್ತೋರ ಜೊತೆ ನಮ್ಗೇನ್ ಮಾತು" ಎಂದು ಟೀ ಕೊಡಿಸಿದರು.

ಕಾರ್ತಿಕದ ಕಡೇ ಸೋಮವಾರ ಹತ್ತಿರ ಬಂತು. ಪ್ರತಿ ವರ್ಷ ಆ ದಿನ ಅವರು ಅತ್ತಿಗೆಯನ್ನು ಕೂರಿಸಿಕೊಂಡು ಶಿವಗಂಗೆಗೆ ಹೋಗಿಬರುವುದು ಪದ್ಧತಿ. ಮದುವೆಯಾದ ವರ್ಷ ಶುರುವಾದದ್ದು, ಒಂದು ವರ್ಷವೂ ತಪ್ಪಿಸಿರಲಿಲ್ಲ. ದಾಬಸ್‌ಪೇಟೆ ಕಡೆಯ ರಸ್ತೆಯ ಮೇಲೆ ಈಗ ಲಾರಿಗಳದೇ ರಾಜ್ಯ. ಹಿಂದಿನ ಸಂಜೆ ಅತ್ತಿಗೆ ನಮ್ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಬಸ್ಸಲ್ಲಿ ಹೋಗೋಣ ಅಂದೆ, ಕಣ್ಣು ಕೆಕ್ಕರಿಸಿದ್ರು. ನಾನು ಬರಲ್ಲ ಅಂದ್ರೆ ಒಬ್ರೇ ಹೋಗ್ತಾರೆ ಕಣಮ್ಮ. ಹಿಂದೆ ನಾನಿದ್ರೆ ನಿಧಾನಕ್ಕಾದ್ರೂ ಹೋಗ್ತಾರೆ."

"ಅತ್ತಿಗೆ, ಅವ್ರ ಕೈಲಿ ಈಗ ಬ್ರೇಕೂ ಹಿಡಿಯಕ್ಕಾಗಲ್ಲ. ನಾನು ನೋಡಿದೀನಿ."

"ನಂಗೊತ್ತಿಲ್ವಾ. ಅವರ ಅಂಗಿ ಗುಂಡಿ ಹಾಕೋಳು ನಾನು" ಎಂದರು. ಆಮೇಲೆ, "ಬೆಳಿಗ್ಗೆ ಸ್ವಲ್ಪ ಮುಂಚೆ ಬಾ. ನೀನು ಬಾಯಿ ಮಾಡಿದ್ರೆ ಕೇಳ್ತಾರೇನೋ" ಎಂದು ಹೊರಟರು. ಹಾಗೆ ಹೊರಟ ಅತ್ತಿಗೆಯನ್ನು ನೋಡಿ ನನಗೆ ಅಳು ಬಂತು. ಹೋಗುವುದು ಖಚಿತ, ಒಟ್ಟಿಗೇ ಹೋಗುವುದು ಎಂದು ಅವರು ತೀರ್ಮಾನ ಮಾಡಿಕೊಂಡ ಹಾಗಿತ್ತು.

ಬೆಳಿಗ್ಗೆ ಹೋದಾಗ ಅಣ್ಣ ಗಾಡಿ ಒರೆಸಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿ ಉತ್ಸಾಹದಲ್ಲಿದ್ದರು. ಎಲ್ಲಿಂದಲೋ ತೆಳುವಾದ ಸ್ಪ್ರಿಂಗ್ ಹುಡುಕಿ ತಂದು ಹಾಕಿದ್ದರು. "ಬಂದ್ಯಾ, ತಿರುಗ್ಸಿ ನೋಡು ಬಾ" ಎಂದರು. ಇಂಜಿನ್ ಆಫ್ ಆಗಿತ್ತು. ನಾನು ಹಿಡಿಯನ್ನು ತಿರುಗಿಸಿದೆ. ತಿರುಗಿಸಿದ್ದು ಗೊತ್ತೇ ಆಗಲಿಲ್ಲ. ಕೈ ತೆಗೆದೆ. ಹಿಡಿ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ನಿಂತಿತು.

"ಅಣ್ಣಾ, ವಾಪಸ್ ಬರ್ತಾನೇ ಇಲ್ಲ ಇದು."

"ಬರದಿದ್ರೆ ನಾನು ಕೈಲಿ ತರ್ತೀನಿ. ಅಭ್ಯಾಸ ಮಾಡ್ಕೊಂಡಿದೀನಿ."

"ಎಲ್ಲಿ, ನೀವೊಂದ್ಸಲ ತಿರುಗ್ಸಿ."

ಅವರು ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಯ ಮೇಲೆ ಇಟ್ಟರು. ಬೆರಳುಗಳು ಪೂರ್ತಿ ಸುತ್ತಿಕೊಳ್ಳಲಿಲ್ಲ. ಮೊಣಕೈ ಮೇಲೆತ್ತಿ, ಭುಜ ತಿರುಗಿಸಿ, ಇಡೀ ಮೈಯನ್ನು ಮುಂದಕ್ಕೆ ಬಾಗಿಸಿದರು. ಹಿಡಿ ಒಂದಿಷ್ಟು ಅಲುಗಿತು. ಕೈ ಜಾರಿ ಟ್ಯಾಂಕಿನ ಮೇಲೆ ಬಿತ್ತು. ಅವರ ಹಣೆಯಲ್ಲಿ ಬೆವರಿತ್ತು.

"ನೋಡಿದ್ಯಾ" ಎಂದರು. "ಇನ್ನೂ ಬಿಗಿ."

ಬಾಯಿ ಮಾಡಲು ಕರೆಸಿಕೊಂಡಿದ್ದವಳು ಗೋಡೆಗೆ ಒರಗಿ ನಿಂತುಬಿಟ್ಟೆ. ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿ ಚೀಲ ಹಿಡಿದು ನಿಂತಿದ್ದ ಅತ್ತಿಗೆ ಎಲ್ಲವನ್ನೂ ನೋಡಿದ್ದರು. ಚೀಲ ಕೆಳಗಿಟ್ಟು ಮೆಟ್ಟಿಲಿಳಿದು ಬಂದರು. ತಮ್ಮ ಎರಡು ಬೆರಳನ್ನು ಅಣ್ಣನ ಬಲ ಅಂಗೈಯಲ್ಲಿ ಇಟ್ಟರು.

"ಹಿಡೀರಿ ಗಟ್ಟಿಯಾಗಿ."

"ಏನೇ ಇದು, ಬೀದಿಲಿ?"

"ಹಿಡೀರಿ ಅಂದೆ."

"ಹಿಡ್ದಿದೀನಲ್ಲಾ."

"ಇನ್ನೂ ಗಟ್ಟಿ."

"ಇನ್ನೇನು ನಿನ್ ಬೆರಳು ಮುರೀಲಾ?"

ಅತ್ತಿಗೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಎಳೆಯುವ ಕೆಲಸವೇ ಇರಲಿಲ್ಲ. ಅಣ್ಣನ ಅಂಗೈ ಅರ್ಧ ತೆರೆದುಕೊಂಡು ಹಾಗೇ ಇತ್ತು. "ಇಲ್ಲಿ ಕೇಬಲ್ಲೂ ಇಲ್ಲ, ಸ್ಪ್ರಿಂಗೂ ಇಲ್ಲ ಕಣ್ರೀ" ಎಂದರು ಅತ್ತಿಗೆ. ದನಿ ಏರಿಸಲಿಲ್ಲ.

ಅಣ್ಣ ತೆರೆದುಕೊಂಡಿದ್ದ ಆ ಅಂಗೈಯನ್ನೇ ನೋಡಿದರು. ಕೊನೆಗೆ ಎಡಗೈ ಚಾಚಿ, "ಇದ್ರ ಜೋಡಿ ನೋಡೋಣ, ತಾ" ಎಂದರು. ಅತ್ತಿಗೆ ಬೆರಳು ಕೊಟ್ಟರು. ಅವರು ಹಿಡಿದರು. ಅತ್ತಿಗೆ ಎಳೆದರು, ಬರಲಿಲ್ಲ. ನೋವಿಗೆ ಅತ್ತಿಗೆಯ ಮುಖ ಕಿವುಚಿಕೊಂಡಿತು. ಅಣ್ಣ ಬಿಟ್ಟು, ಮತ್ತೆ ಬಲಗೈಯಲ್ಲಿ ಹಿಡಿದರು. ಮತ್ತೆ ಎಡಗೈ. ಫ್ಯಾಕ್ಟರಿಯಲ್ಲಿ ಎರಡು ಮಗ್ಗಗಳ ನಡುವೆ ಹೇಗೆ ನಿಲ್ಲುತ್ತಿದ್ದರೋ ಹಾಗೇ ಕಣ್ಣುಮುಚ್ಚಿ ನಿಂತಿದ್ದರು. ಆಮೇಲೆ ಗಾಡಿಯ ಬೀಗದ ಕೈಯನ್ನು ಎಡಗೈಯಿಂದ ತೆಗೆದು ಅತ್ತಿಗೆಯ ಕೈಗೆ ಕೊಟ್ಟರು. ಶಿವಗಂಗೆಗೆ ಆ ವರ್ಷ ಬಸ್ಸಿನಲ್ಲಿ ಹೋದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ತಂತಿ ಹಚ್ಚಿ ಎಲ್ಲ ನೋಡಿ ಹೇಳಿದರು. ಮಾಂಸಖಂಡಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆಯಂತೆ. ಒಂದು ಕೈಯಲ್ಲಿ ಶುರುವಾಗಿ, ಇನ್ನೊಂದಕ್ಕೆ ಹೋಗಿ, ಕಾಲಿಗೆ, ನಾಲಿಗೆಗೆ, ಕೊನೆಗೆ ಉಸಿರಿಗೆ ಬರುತ್ತದಂತೆ. ಗುಣಪಡಿಸುವ ಔಷಧಿ ಇಲ್ಲವಂತೆ. ಮುಂಚೆಯೇ ಬಂದಿದ್ದರೆ ಎಂದು ಜೊತೆಗೆ ಹೋಗಿದ್ದ ನಾನು ಕೇಳಿದ್ದಕ್ಕೆ ಡಾಕ್ಟರು, ಬಂದಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದರು. ಅಣ್ಣ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಗಾಡಿದೇನೂ ತಪ್ಪಿಲ್ಲ" ಎಂದರು. ಊರಿಗೆ ಬಂದು ಮಾಡಿಸಿದ ಮೊದಲ ಕೆಲಸ, ಮೆಕ್ಯಾನಿಕ್ಕನ್ನು ಕರೆಸಿ ಕಾರ್ಬೊರೇಟರಿಗೆ ಸರಿಯಾದ ಬಿಗಿ ಸ್ಪ್ರಿಂಗ್ ಹಾಕಿಸಿದ್ದು. ಬೇರೆ ಯಾರಾದರೂ ಓಡಿಸಿದರೆ ಅವರಿಗೆ ಏನೂ ಆಗಬಾರದು ಎಂದರು.

ಆಮೇಲೆ ಅವರು ಎಡಗೈಗೆ ಕಾವಲು ಕೂತರು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಆ ಕೈ ಚಾಚುವರು, ಅತ್ತಿಗೆ ಎರಡು ಬೆರಳು ಕೊಡುವರು, ಅವರು ಹಿಡಿಯುವರು, ಅತ್ತಿಗೆ ಎಳೆಯುವರು. ಬರದಿದ್ದರೆ, "ಇದೆ ಇನ್ನೂ" ಎಂದು ಕಾಫಿ ಕುಡಿಯುವರು. ಕೆಲಸಕ್ಕೆ ಹೋಗುವಾಗ ನಾನು ಅಲ್ಲಿ ಇಣುಕಿ ಹೋಗುತ್ತಿದ್ದೆ. ಮೊದಮೊದಲು ಅತ್ತಿಗೆ ಕಾಲೂರಿ ಎಳೆಯಬೇಕಿತ್ತು. ಆಮೇಲೆ ಕೂತಲ್ಲಿಂದಲೇ ಎಳೆದರೆ ಬೆರಳು ಒಂದಿಷ್ಟು ಜಾರುತ್ತಿತ್ತು. ಅದನ್ನು ನಾನೂ ನೋಡುತ್ತಿದ್ದೆ, ಅಣ್ಣನೂ ನೋಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹೋದಾಗ ಅವರ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಚಾಚಲು ಆಗಿರಲಿಲ್ಲ. ಅತ್ತಿಗೆ ಬಂದು ಪಕ್ಕದಲ್ಲಿ ಕೂತು ತಮ್ಮ ಬೆರಳುಗಳನ್ನು ಆ ಅಂಗೈಯಲ್ಲಿ ಇಟ್ಟರು. ಅಣ್ಣನ ಬೆರಳುಗಳು ಮೆಲ್ಲಗೆ ಮಡಚಿಕೊಂಡು ಅರ್ಧದಲ್ಲೇ ನಿಂತವು.

"ಎಳಿ" ಎಂದರು. ಮಾತು ಆಗಲೇ ತೊದಲುತ್ತಿತ್ತು.

ಅತ್ತಿಗೆ ಕೈಯನ್ನು ಕದಲಿಸಲಿಲ್ಲ.

"ಎಳ್ದೆ ಕಣ್ರೀ" ಎಂದರು. "ಬರ್ಲಿಲ್ಲ."

ಆ ಕಾಯಿಲೆಯಲ್ಲಿ ಶಕ್ತಿ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ಬೆರಳು ಎಳೆದದ್ದೋ ಇಲ್ಲವೋ ಅವರಿಗೆ ಚೆನ್ನಾಗಿ ಗೊತ್ತಾಗಿತ್ತು. ಅತ್ತಿಗೆಯ ಮುಖ ನೋಡಿದರು.

"ಗಟ್ಟಿಯಾಗೇ ಇದೆ ಹಂಗಾದ್ರೆ" ಎಂದರು. "ಕಾಫಿ ತಾ."

ಅತ್ತಿಗೆ ಕಾಫಿ ತರಲು ಏಳಲಿಲ್ಲ. ಏಳಬೇಕಾದರೆ ಬೆರಳನ್ನು ಬಿಡಿಸಿಕೊಳ್ಳಬೇಕಾಗಿತ್ತು. ನಾನೇ ಒಳಗೆ ಹೋಗಿ ತಂದೆ.